ತೈನಾನಿನ ಆಯಿ

ಶ್ರೀ ಉಳವಿ ಚನ್ನಬಸವೇಶ್ವರ ಪ್ರಸನ್ನ

ಹಳಿಯಾಳ
21 ಜುಲೈ 2025, ಸೋಮವಾರ

ಚಿ. ಕು. ಶೈಲಶ್ರೀಗೆ ನಿನ್ನ ಕಾಕು ಸುನಂದಾ ಹರಸಿ ಬರೆಯುವುದೇನೆಂದರೆ,

ಇಲ್ಲಿ ನಾವೆಲ್ಲ ಆರಾಮ ಇದ್ದೇವೆ. ನೀನು ಆರಾಮ ಇದ್ದೀಯೋ ಇಲ್ಲವೋ ಎಂದು ಕೇಳುವ ಹಾಗೇ ಇಲ್ಲ, ನೀನು ಕಳಿಸುವ ಫೋಟೋಗಳಲ್ಲಿ ಗಲ್ಲ ತುಂಬಿಕೊಂಡು ಕೂತಿವೆ. ಕಾಕು ಫೋನ್ ಎತ್ತುತ್ತಿಲ್ಲ, ಮೆಸೇಜಿಗೆ ಉತ್ತರ ಕೊಡುತ್ತಿಲ್ಲ ಅಂತ ನಿನ್ನ ಅಪ್ಪನ ಹತ್ತಿರ ದೂರು ಹೇಳಿದ್ದೀಯಂತೆ. ತಡವಾಯಿತು, ತಪ್ಪಾಯಿತು. ನೆಟ್‌ವರ್ಕ್ ಸಿಗುತ್ತಿಲ್ಲ ಅಂತ ನಿನ್ನ ತಮ್ಮ ರೋಹಿತನ ಕೈಲಿ ಹೇಳಿಸಿದೆನಲ್ಲ, ಅದು ಸುಳ್ಳು. ನೆಟ್‌ವರ್ಕ್ ಸಿಗದಿರಲು ನಾವೇನು ಕುಂಬಾರವಾಡದ ಕಾಡಿನಲ್ಲಿ ಇದ್ದೇವೆಯೇ? ಹಳಿಯಾಳದ ಪೇಟೆಯೊಳಗೇ ಇದ್ದೇವೆ. ನನಗೆ ಸಿಟ್ಟು ಬಂದಿತ್ತು, ಅದಕ್ಕೆ ಎತ್ತಲಿಲ್ಲ. ಈಗಲೂ ಪೂರ್ತಿ ಹೋಗಿಲ್ಲ, ಓದುತ್ತ ಹೋದ ಹಾಗೆ ನಿನಗೇ ತಿಳಿಯುತ್ತದೆ.

ಈ ಕಾಲದಲ್ಲಿ ಕಾಗದ ಯಾರು ಬರೆಯುತ್ತಾರೆ ಎಂದು ನಿನ್ನ ಕಾಕಾ ನಕ್ಕರು. ನಗಲಿ. ವಿಡಿಯೋ ಕಾಲ್ ಮಾಡಿದರೆ ನಿನ್ನ ಭುಜದ ಹಿಂದಿನಿಂದ ನೀನು ಇಳಿದುಕೊಂಡ ಮನೆಯ ಆ ಲಿನ್‌ಬಾಯಿ ಇಣುಕುತ್ತಾಳೆ. ಕೈ ಬೀಸುತ್ತಾಳೆ, ಹಲ್ಲು ಕಿಸಿಯುತ್ತಾಳೆ, ಏನೋ ಒಂದು ಅನ್ನುತ್ತಾಳೆ. ನೀನು ಬಿದ್ದು ಬಿದ್ದು ನಗುತ್ತೀ. ಏನಂದಳು ಎಂದು ಕೇಳಿದರೆ "ಏನಿಲ್ಲ ಕಾಕು, ಹಂಗ ಸುಮ್ಮ" ಅನ್ನುತ್ತೀ. ನೀನೂ ನಾನೂ ಮಾತಾಡುವಾಗ ನಡುವೆ ಆಕೆಗೇನು ಕೆಲಸ? ಕಾಗದವಾದರೆ ಆಕೆಗೆ ಒಂದಕ್ಷರ ಓದಲು ಬರುವುದಿಲ್ಲ. ಇದರ ಅರ್ಥ ಬಿಡಿಸಿ ಆಕೆಗೆ ಹೇಳಿಕೊಟ್ಟರೆ ನನ್ನ ಆಣೆ ಇದೆ ನೋಡು. ಮತ್ತೆ, ಬರೆಯಲು ಕೂತರೆ ನನಗೆ ಪುಸ್ತಕದ ಕನ್ನಡವೇ ಬರುತ್ತದೆ. ಸಾಲಿಯಲ್ಲಿ ಮಾಸ್ತರರು ಕೈಮೇಲೆ ಹೊಡೆದು ಕಲಿಸಿದ್ದು ಹೋಗುವುದಿಲ್ಲ. ಅದಕ್ಕೂ ನಗಬೇಡ.

ಮೊದಲು ಮುಖ್ಯ ವಿಷಯ. ಅಲ್ಲಿನ ಬೇಸಿಗೆಯ ಕೋರ್ಸು, ಎರಡು ತಿಂಗಳಿಗೆ ಚೀನಿ ಭಾಷೆ, ಚೀನಿ ಹಾಡು-ಹಸೆ, ಚಹಾ ಮಾಡುವ ರೀತಿ ಎಲ್ಲ ಕಲಿಸಿ ಕಳಿಸುತ್ತಾರೆ ಎಂದು ಹೇಳಿ ತೈವಾನಿನ ತೈನಾನಿಗೆ ಹೋದವಳು ನೀನು. ಈಗ ಅಲ್ಲಿಯೇ ಇನ್ನೊಂದು ವರ್ಷ ಇದ್ದು ಕಲಿಯುತ್ತೇನೆ ಎನ್ನುತ್ತಿದ್ದೀಯಂತೆ. ಆ ಕಾಲೇಜಿನವರು ವಿದ್ಯಾರ್ಥಿವೇತನ ಕೊಡುತ್ತಾರಂತೆ. ಇರಲಿಕ್ಕೆ ಆ ಲಿನ್‌ಬಾಯಿ ತನ್ನ ಮನೆಯ ಮೇಲಿನ ಕೋಣೆಯನ್ನೇ ಕೊಡುತ್ತಾಳಂತೆ. ನಿನ್ನ ಅಪ್ಪ, ನಮ್ಮ ಭಾವನವರು, ಅಂಗಡಿಯಿಂದ ಊಟಕ್ಕೆ ಬಂದಾಗ ಹೇಳಿದರು. "ಶೈಲಾ ಎಲ್ಲಾ ನಿನ್ನ ಮ್ಯಾಲೆ ಹಾಕ್ಯಾಳ. ಕಾಕು ಹೂಂ ಅಂದ್ರ ಇರ್ತೇನಿ, ಬ್ಯಾಡ ಅಂದ್ರ ಕೋರ್ಸ್ ಮುಗದ ಕೂಡ್ಲೆ ಬರ್ತೇನಿ ಅಂತಾಳ. ನೀನ ಹೇಳಬೇಕವಾ ಸುನಂದಾ." ನಾನು ಅವರಿಗೆ ಸಾರು ಬಡಿಸಿ ಒಳಗೆ ಹೋದೆ.

ನಿನ್ನನ್ನು ಕಳಿಸಿದವಳು ನಾನೇ ಎಂದು ಓಣಿಗೆಲ್ಲ ಗೊತ್ತು. ಧಾರವಾಡದ ಹಾಸ್ಟೆಲಿನಲ್ಲಿ ಕೂತು ಮೊಬೈಲ್ ನೋಡಿ ನೋಡಿಯೇ ಚೀನಿ ಕಲಿತ ಹುಡುಗಿ, ಅಷ್ಟು ಆಸೆಯಿದ್ದರೆ ಹೋಗಲಿ ಬಿಡ್ರಿ ಎಂದು ಅತ್ತೆಯವರ ಮುಂದೆ ವಾದ ಮಾಡಿದವಳು ನಾನು. ಅತ್ತೆಯವರು ಏನಂದಿದ್ದರು, ನೆನಪಿದೆಯಾ? "ಏನ ತಿಂತಾರೋ ಏನ ಬಿಡ್ತಾರೋ ಆ ಮಂದಿ. ಹುಡುಗಿ ಉಪವಾಸ ಸಾಯ್ತಾಳ ಸುನಂದಾ." ಶೇಂಗಾ ಚಟ್ನಿ, ಅಗಸಿ ಚಟ್ನಿ, ಕಟಕ ರೊಟ್ಟಿ, ಹುರಿದ ಅವಲಕ್ಕಿ, ಎಲ್ಲ ಕಟ್ಟಿ ಕೊಟ್ಟೆ. ನಿಜ ಹೇಳಲೇ? ನೀನು ಒಂದು ವಾರಕ್ಕೇ ಊಟ ಸೇರುತ್ತಿಲ್ಲ ಎಂದು ಅಳುತ್ತ ಫೋನ್ ಮಾಡುತ್ತೀ ಎಂದು ನಾನು ಕಾಯುತ್ತಿದ್ದೆ. ಸಮಾಧಾನ ಹೇಳಲು ಮಾತುಗಳನ್ನು ಜೋಡಿಸಿ ಇಟ್ಟುಕೊಂಡಿದ್ದೆ.

ಆದರೆ ನೀನು ಅಳಲಿಲ್ಲ. ನಿನ್ನ ಮೊದಲ ಫೋನಿನಲ್ಲಿಯೇ ಆಕೆಯ ಗುಣಗಾನ ಶುರುವಾಯಿತು. ನೀನು ಮಾಂಸ ತಿನ್ನುವುದಿಲ್ಲ ಎಂದು ತಿಳಿದು ಆಕೆ ಹೊಸ ಬಾಣಲೆ ಕೊಂಡಳು, ಅದನ್ನು ನಿನಗಾಗಿಯೇ ಬೇರೆ ಇಟ್ಟಳು. ಬೆಳಿಗ್ಗೆ ಗಂಜಿ ಮಾಡಿ ಮೇಲೆ ಶೇಂಗಾ ಉದುರಿಸಿ ಕೊಟ್ಟಳು. ಒಂದು ತಪ್ಪಾದರೂ ಮಾಡಬಾರದೇ ಆ ಹೆಂಗಸು? ಬೈಯಲಿಕ್ಕೆ ಒಂದು ಕಾರಣ ಸಿಗಲಿ ಎಂದು ನಾನು ಕೆದಕಿ ಕೆದಕಿ ಕೇಳಿದೆ, ಹಾಸಿಗೆ ಹೆಂಗಿದೆ, ನೀರು ಹೆಂಗಿದೆ, ಬೈಯುತ್ತಾಳೆಯೇ ಎಂದು. ಎಲ್ಲಕ್ಕೂ "ಭಾಳ ಚೊಲೋ ಅದಾರ ಕಾಕು" ಅಂದೆ.

ಆಮೇಲೆ ಆ ಹಾಗಲಕಾಯಿ. ಏನೇ ಶೈಲಾ, ನಿನಗೆ ಹೆಂಗೆ ಮನಸ್ಸು ಬಂತು? ಈ ಮನೆಯಲ್ಲಿ ಹಾಗಲಕಾಯಿ ಪಲ್ಯ ಮಾಡಿದ ದಿನ ನೀನು ಮೂಗು ಹಿಡಿದು ಪಕ್ಕದ ಶಿವಗಂಗವ್ವನ ಮನೆಗೆ ಊಟಕ್ಕೆ ಓಡುತ್ತಿದ್ದೆ. ಬೆಲ್ಲ ಹಾಕಿ ಮಾಡಿದೆ, ಹುಣಸೆಹಣ್ಣು ಹಾಕಿ ಮಾಡಿದೆ, ಕಾಯಿ ತುಂಬಿ ಎಣ್ಣೆಗಾಯಿ ಮಾಡಿದೆ. ಒಂದು ತುತ್ತು ಮುಟ್ಟಲಿಲ್ಲ. ಅಲ್ಲಿ ಆಕೆ ಬಿಳಿ ಹಾಗಲಕಾಯಿಯನ್ನು ಬರೀ ನೀರಿನಲ್ಲಿ ಕುದಿಸಿ ಕೊಟ್ಟರೆ ಬಟ್ಟಲು ಎತ್ತಿ ಕುಡಿದು ಫೋಟೋ ಹಾಕುತ್ತೀ. ಕೆಳಗೆ ಹೃದಯದ ಚಿತ್ರ ಬೇರೆ. ಆ ಫೋಟೋ ನೋಡಿದೆ. ಅವತ್ತು ಸಂತೆಯಲ್ಲಿ ಹಾಗಲಕಾಯಿ ಎದುರಿಗೇ ಇದ್ದರೂ ಕೊಳ್ಳಲಿಲ್ಲ. ಕೆಂಚವ್ವ "ತಾಜಾ ಅದಾವ ತಗೋರಿ ಬಾಯಾರ" ಎಂದರೆ ಅವಳ ಮೇಲೆಯೇ ರೇಗಿದೆ, ಪಾಪ.

ತಲೆಗೂದಲ ವಿಷಯ ಬಿಟ್ಟೇ ಬಿಡುತ್ತೇನೆ. ಬಿಡುವುದಿಲ್ಲ, ಬರೆದೇ ಬರೆಯುತ್ತೇನೆ. ರವಿವಾರ ಎಣ್ಣೆಬಟ್ಟಲು ಹಿಡಿದು ನಿನ್ನ ಹಿಂದೆ ಅಟ್ಟ, ಹಿತ್ತಲು ಎಲ್ಲ ಓಡಾಡಿದವಳು ನಾನು. ಅಲ್ಲಿ ಆಕೆ ಬಿಸಿಗಾಳಿ ಬಿಡುವ ಯಂತ್ರ ಹಿಡಿದು ನಿನ್ನ ಕೂದಲು ಒಣಗಿಸುತ್ತಿದ್ದರೆ ಬೆಕ್ಕಿನ ಹಾಗೆ ಕಣ್ಣು ಮುಚ್ಚಿ ಕೂತಿದ್ದೀ. ಶಿವಗಂಗವ್ವ ಅದನ್ನು ನೋಡಿ ಏನಂದಳು ಗೊತ್ತೇ? "ಪುಣ್ಯಾ ಮಾಡೀರಿ ಬಿಡ್ರಿ ಸುನಂದಾ, ನಿಮ್ಮ ಹುಡುಗಿಗೆ ಅಲ್ಲೂ ಒಬ್ಬ ತಾಯಿ ಸಿಕ್ಕಾಳ." ಅಲ್ಲೂ ಅಂದಳೋ ಅಲ್ಲಿ ಅಂದಳೋ ಎಂದು ನಾನು ದಿನವೆಲ್ಲ ಯೋಚಿಸಿದೆ.

ಇಷ್ಟನ್ನೆಲ್ಲ ಹೊಟ್ಟೆಗೆ ಹಾಕಿಕೊಂಡಿದ್ದೆ. ಸಣ್ಣವಳ ಹಾಗೆ ಹೊಟ್ಟೆಕಿಚ್ಚುಪಡುವುದಕ್ಕೆ ನನಗೇ ನಾಚಿಕೆಯಾಗಿತ್ತು. ಆದರೆ ಆ ಮಳೆಯ ವಿಡಿಯೋ ಬಂತಲ್ಲ, ಅದನ್ನು ಹೊಟ್ಟೆಗೆ ಹಾಕಿಕೊಳ್ಳಲು ಆಗಲಿಲ್ಲ.

ನಿನಗೆ ಗೊತ್ತಿದೆ ಯಾವುದೆಂದು. ನೀನು ಕ್ಲಾಸಿನಿಂದ ಮಳೆಯಲ್ಲಿ ತೊಯ್ದು ಓಡಿ ಬರುತ್ತೀ, ನಿನ್ನ ಗೆಳತಿ ಹಿಂದಿನಿಂದ ವಿಡಿಯೋ ತೆಗೆಯುತ್ತಿದ್ದಾಳೆ. ಬಾಗಿಲು ಬಡಿಯುತ್ತ "ಆಯೀ! ಆಯೀ!" ಎಂದು ಗಂಟಲು ಹರಿಯುವ ಹಾಗೆ ಕೂಗುತ್ತೀ. ಲಿನ್‌ಬಾಯಿ ಬಾಗಿಲು ತೆಗೆದು ಟವೆಲ್ ತಂದು ನಿನ್ನ ತಲೆ ಒರೆಸುತ್ತಾಳೆ. ಅಷ್ಟೇ ವಿಡಿಯೋ. ಮಧ್ಯಾಹ್ನ ಎಲ್ಲರೂ ಉಣ್ಣಲು ಕೂತಾಗ ರೋಹಿತ ಅದನ್ನು ಹಚ್ಚಿದ.

ನನ್ನ ತವರಿನಲ್ಲಿ, ಧಾರವಾಡದ ಕಡೆ, ಆಯಿ ಎಂದರೆ ಅಜ್ಜಿ. ಈ ಮನೆಯಲ್ಲಿ ಹಾಗಲ್ಲ. ಇಲ್ಲಿ ಹಡೆದವಳಿಗೆ ಆಯಿ ಎನ್ನುತ್ತಾರೆ. ನಿನ್ನ ಅಪ್ಪ, ನಿನ್ನ ಕಾಕಾ ಇಬ್ಬರೂ ಅತ್ತೆಯವರನ್ನು ಹಾಗೆಯೇ ಕರೆಯುವುದು. ನಿನ್ನ ಮಟ್ಟಿಗೆ ಆಯಿ ಎಂದರೆ ಜ್ಯೋತಿ ಅಕ್ಕ ಒಬ್ಬಳೇ, ನಿನ್ನನ್ನು ಹಡೆದು ವರ್ಷ ತುಂಬುವ ಮೊದಲೇ ಹೋದವಳು. ನಾನು ಆಮೇಲೆ ಈ ಮನೆಗೆ ಸೊಸೆಯಾಗಿ ಬಂದವಳು, ಅಕ್ಕನ ಮುಖವನ್ನು ಕಂಡವಳೇ ಅಲ್ಲ. ನಿನ್ನನ್ನು ಎತ್ತಿ ನನ್ನ ಉಡಿಯಲ್ಲಿ ಹಾಕಿದರು. ಕಾಕಾನ ಹೆಂಡತಿ ಎಂದು ನೀನು ಕಾಕು ಎಂದೆ, ನಾನು ಕಾಕು ಆದೆ.

ಅತ್ತೆಯವರು ತುತ್ತು ಕೈಯಲ್ಲಿ ಹಿಡಿದು ಭಾವನವರ ಕಡೆ ತಿರುಗಿ ಅಳಲು ಶುರು ಮಾಡಿದರು. "ಕೇಳಿದಿಲ್ಲೋ ಈರೇಶಾ? ಆಯಿ ಅಂದ್ಲೋ ನಮ್ಮ ಶೈಲಾ. ಒಬ್ಬಾಕಿನ್ನ ಆಯಿ ಅಂತ ಕರದ್ಲೋ. ಪಾಪ, ಎಷ್ಟ ಹಸದಿತ್ತೋ ಅದರ ಜೀವಾ ಆ ಮಾತಿಗೆ." ಭಾವನವರು ಕಣ್ಣು ಒರೆಸಿಕೊಂಡರು. "ಇನ್ನೊಮ್ಮೆ ಹಚ್ಚಪಾ ರೋಹಿತ" ಎಂದರು. ಇನ್ನೊಮ್ಮೆ ಕೂಗಿದೆ ನೀನು. ನಾನು ರೊಟ್ಟಿಬುಟ್ಟಿ ಹಿಡಿದು ಅಲ್ಲಿಯೇ ನಿಂತಿದ್ದೆ. ಇಷ್ಟು ವರ್ಷ ಈ ಹುಡುಗಿಯ ಜೀವ ಹಸಿದಿತ್ತು ಎಂದರೆ ನಾನು ಏನು ಉಣ್ಣಿಸಿದೆ ಹಾಗಾದರೆ? ಕೇಳಬೇಕೆನಿಸಿತು. "ರೊಟ್ಟಿ ಆರತಾವು, ಉಣ್ರಿ ಎಲ್ಲಾರೂ" ಎಂದಷ್ಟೇ ಹೇಳಿದೆ.

ನಿನಗೊಂದು ತಮಾಷೆ ಹೇಳುತ್ತೇನೆ, ನೀನು ಯಾವತ್ತೂ ಇದನ್ನು ಯೋಚಿಸಿರಲಿಕ್ಕಿಲ್ಲ. ರೋಹಿತ ನನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗ. ಅವನೂ ನನ್ನನ್ನು ಕಾಕು ಅನ್ನುತ್ತಾನೆ. ಹುಟ್ಟಿದಾಗಿನಿಂದ ನೀನು ಕಾಕು ಕಾಕು ಎಂದು ಕರೆಯುವುದನ್ನು ಕೇಳಿ ಅವನ ಬಾಯಿಗೂ ಅದೇ ಕೂತಿತು. ಅವನನ್ನು ಸಾಲಿಗೆ ಹಚ್ಚಲು ಹೋದಾಗ ಮೇಡಮ್ಮು "ಇವರು ನಿನಗೇನಾಗಬೇಕು" ಎಂದು ಕೇಳಿದರು. "ಕಾಕು" ಎಂದ. "ಹಾಗಾದರೆ ನಾಳೆ ತಾಯೀನ್ನ ಕಳಿಸ್ರಿ, ಸಹಿ ಬೇಕು" ಎಂದರು ನನಗೆ. ನಿನ್ನ ಕಾಕಾ ಮನೆಗೆ ಬಂದು ಅದನ್ನು ಹೇಳಿ ಹೇಳಿ ನಕ್ಕರು, ನಾನೂ ನಕ್ಕೆ. ಈಗ ಲೆಕ್ಕ ಹಾಕು. ಒಬ್ಬಳನ್ನು ಬೆಳೆಸಿದೆ, ಒಬ್ಬನನ್ನು ಹಡೆದೆ. ಈ ಭೂಮಿಯ ಮೇಲೆ ನನ್ನನ್ನು ಆಯಿ ಎಂದು ಕರೆದವರು ಯಾರೂ ಇಲ್ಲ. ಆ ಲಿನ್‌ಬಾಯಿ ಏನೂ ಮಾಡದೆ, ಬರೀ ಒಂದು ಬಾಣಲೆ ಕೊಂಡು ಗಳಿಸಿಬಿಟ್ಟಳು.

ಅದಕ್ಕೇ ಫೋನ್ ಎತ್ತಲಿಲ್ಲ. ಈಗ ತಿಳಿಯಿತೇ?

ಇಲ್ಲಿ ಎದ್ದು ಹೋಗಿದ್ದೆ, ಹಾಲು ಉಕ್ಕಿತ್ತು. ಮುಂದೆ ಬರೆಯುತ್ತೇನೆ.

ಆಕೆಯನ್ನು ಯಾಕೆ ಹಾಗೆ ಕರೆದೆ ಎಂದು ನಿನ್ನನ್ನೇ ಕೇಳಬಹುದಿತ್ತು. ಬಾಯಿ ಬರಲಿಲ್ಲ. ನೀನು "ಹೌದು ಕಾಕು, ನನಗ ಹಂಗ ಅನಿಸ್ತು, ಕರದೆ" ಎಂದುಬಿಟ್ಟರೆ ಏನು ಮಾಡಲಿ? ರೋಹಿತನಿಗೆ ಹೇಳಿದ್ದರೆ ಮೊಬೈಲಿನಲ್ಲಿ ಚಿಟಿಕೆ ಹೊಡೆಯುವಷ್ಟರಲ್ಲಿ ಹುಡುಕುತ್ತಿದ್ದ, ಆದರೆ ಆಮೇಲೆ ಕಾಕು ಇಂಥದ್ದನ್ನು ಹುಡುಕಿಸಿದಳು ಎಂದು ಮನೆಗೆಲ್ಲ ಡಂಗುರ ಹೊಡೆಯುತ್ತಿದ್ದ. ನನಗೆ ಹೊಳೆದದ್ದು ಮುಂಡಗೋಡ. ಅಲ್ಲಿ ಟಿಬೆಟನ್ ಕಾಲೊನಿ ಇದೆ, ಚಳಿಗಾಲಕ್ಕೆ ಧಾರವಾಡದಲ್ಲಿ ಸ್ವೆಟರ್ ಮಾರಲು ಕೂಡುವವರ ಊರು. ಅವರಿಗೆ ಚೀನಿ ಬಂದೇ ಬರುತ್ತದೆ ಎಂದು ನನ್ನ ನಂಬಿಕೆ. ಹೆಂಗೂ ಪಂಚಮಿ ಬಂತು, ನನ್ನ ತಂಗಿ ಶಾಂತಾಳಿಗೆ ಉಂಡಿ ಕೊಟ್ಟು ಬರುತ್ತೇನೆ ಎಂದು ಹೇಳಿ ಡಬ್ಬಿ ಹಿಡಿದು ಹೊರಟೆ. ಕಲಘಟಗಿಯಲ್ಲಿ ಬಸ್ಸು ಬದಲಿಸಿ ಮುಂಡಗೋಡ ಮುಟ್ಟುವ ಹೊತ್ತಿಗೆ ಮಳೆ ಹಿಡಿದಿತ್ತು. ಶಾಂತಾ ನನ್ನ ಮುಖ ನೋಡಿದವಳೇ "ಅಕ್ಕಾ, ಯಾರ ಸತ್ತಾರ?" ಎಂದಳು.

ಶಾಂತಾಳ ಗಂಡ ಆ ಟಿಬೆಟನ್ ಕ್ಯಾಂಪಿನವರ ಗೋವಿನಜೋಳ ಕೊಳ್ಳುವವರು, ಹಾಗಾಗಿ ಅವಳಿಗೆ ಅಲ್ಲಿ ಎಲ್ಲರ ಪರಿಚಯ. ಚೋಡೆನ್ ಎಂಬುವಳ ಹೋಟೆಲಿಗೆ ಕರೆದುಕೊಂಡು ಹೋದಳು. ನನ್ನ ವಯಸ್ಸಿನವಳೇ, ಉದ್ದ ಅಂಗಿ, ಮುಂದೆ ಪಟ್ಟೆಪಟ್ಟೆಯ ಬಟ್ಟೆ ಕಟ್ಟಿಕೊಂಡಿದ್ದಳು. "ನಮ್ಮಕ್ಕಗ ಒಂದ ಚೀನಿ ಶಬ್ದದ ಅರ್ಥ ಬೇಕಾಗೈತಿ ಚೋಡೆನ್" ಎಂದಳು ಶಾಂತಾ. ಮೇಜು ಒರೆಸುತ್ತಿದ್ದವಳ ಕೈ ನಿಂತೇ ಹೋಯಿತು.

"ನನಗ್ಯಾಕ ಕೇಳ್ತೀರಿ? ನನಗ ಹೆಂಗ ಬರಬೇಕ್ರಿ ಚೀನಿ? ನಾ ಹುಟ್ಟಿದ್ದ ಇಲ್ಲೇ ಮುಂಡಗೋಡದಾಗ. ನಮ್ಮ ಅಜ್ಜ ಚೀನಾದವರು ಬಂದ್ರಂತನ ಮನಿ ಮಾರು ಬಿಟ್ಟ ಓಡಿ ಬಂದಾಂವ. ನಮ್ಮ ಭಾಷಾನ ಬ್ಯಾರೆ, ಅವರ ಭಾಷಾನ ಬ್ಯಾರೆ. ಜಪಾನಿ ಮಾತಾಡ್ರಿ ಅಂದ್ರ ನೀವು ಮಾತಾಡ್ತೀರೇನು?"

ಅಚ್ಚ ಧಾರವಾಡದ ಮಾತಿನಲ್ಲಿ ಬೈದಳು. ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. "ತಪ್ಪಾತವಾ, ನನಗ ಗೊತ್ತಿರಲಿಲ್ಲ" ಎಂದೆ. ನನ್ನ ದನಿ ಕೇಳಿ ಅವಳು ಸ್ವಲ್ಪ ಮೆತ್ತಗಾದಳು. ಯಾಕೆ ಬೇಕಾಗಿತ್ತು ಎಂದು ಕೇಳಿದಳು. ಯಾರಿಗೂ ಹೇಳದ ಮಾತು ಅಲ್ಲಿ ಗುರುತಿಲ್ಲದ ಹೆಂಗಸಿನ ಮುಂದೆ ಬಂದುಬಿಟ್ಟಿತು. ನಾನು ಸಾಕಿದ ಹುಡುಗಿ ಅಲ್ಲಿ ಒಬ್ಬಳನ್ನು ಆಯಿ ಅನ್ನುತ್ತಿದ್ದಾಳೆ ಎಂದೆ. "ಅಯ್ಯ, ಆಯಿ ಅಂದ್ರ ತಾಯಿ ಅಲ್ಲೇನ್ರಿ" ಎಂದು ಅವಳೂ ಬಾಯಿಯ ಮೇಲೆ ಕೈ ಇಟ್ಟುಕೊಂಡಳು.

ಮೂಲೆಯಲ್ಲಿ ಒಬ್ಬ ಲಾಮಾ ಕೂತು ಥುಕ್ಪಾ ಎಂಬ ಶಾವಿಗೆ ಸಾರು ಕುಡಿಯುತ್ತಿದ್ದರು. ಚೋಡೆನ್ ಅವರನ್ನು ಕರೆದಳು. "ಇವ್ರು ಅಲ್ಲೇ ಸಾಲಿ ಕಲ್ತು, ದೊಡ್ಡಾವರಾದ ಮ್ಯಾಲೆ ಇಲ್ಲಿಗೆ ಬಂದಾವ್ರು. ಇವ್ರಿಗೆ ಬರ್ತೈತಿ." ಶಾಂತಾ ತನ್ನ ಮೊಬೈಲಿನಲ್ಲಿದ್ದ ನಿನ್ನ ವಿಡಿಯೋ ಹಚ್ಚಿದಳು. ಅವರು ಕಿವಿಯ ಹತ್ತಿರ ಹಿಡಿದು ಎರಡು ಸಲ ಕೇಳಿದರು. ನಾನು ಉಳವಿ ಚನ್ನಬಸವಣ್ಣನನ್ನು ನೆನೆಯುತ್ತ ನಿಂತಿದ್ದೆ. ಅವರು ನಕ್ಕರು. "ಮಾ ನಹೀ, ಬೆಹೆನ್‌ಜಿ. ಮಾ ಕೋ ತೋ ಮಾಮಾ ಬೋಲ್ತೇ ಹೈ" ಎಂದರು.

ತಾಯಿಗೆ ಮಾಮಾ ಅನ್ನುತ್ತಾರಂತೆ! ಹಾಗಾದರೆ ನಿನ್ನ ಸೋದರಮಾವನಿಗೆ ಆ ಊರಲ್ಲಿ ಏನನ್ನುತ್ತಾರೋ. ಮುಂದಿನದನ್ನು ಅವರು ಹಿಂದಿಯಲ್ಲಿ ಹೇಳಿದರು, ಚೋಡೆನ್ ಕನ್ನಡದಲ್ಲಿ ಹೇಳಿದಳು. "ಅದು ತಾಯಿ ಅಲ್ರಿ. ನಾವು ಕಾಕು ಅಂತೇವಲ್ಲ, ಮೌಶಿ ಅಂತೇವಲ್ಲ, ಅದು ಆಯಿ. ಮಗ್ಗಲ ಮನಿಯಾಕಿನೂ ಆಯಿನ, ಬಜಾರದಾಗ ಕಾಯಿಪಲ್ಯಾ ಮಾರಾಕಿನೂ ಆಯಿನ ಅಂತ."

ಶಾಂತಾ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಇಷ್ಟಕ್ಕ ಊಟಾ ಬಿಟ್ಟ ಕುಂತಿದ್ಯಾ ಅಕ್ಕಾ? ಕೆಂಚವ್ವನೂ ಆಯಿ ಅಂದಂಗಾತು." ನಾನೂ ನಕ್ಕೆ. ಎಷ್ಟೋ ದಿನದ ಮೇಲೆ ಹೊಟ್ಟೆ ಹಸಿಯಿತು. ಚೋಡೆನ್ ಎಲೆಕೋಸು ತುಂಬಿದ ಮೋಮೋ ತಂದಿಟ್ಟಳು, ತಟ್ಟೆ ಖಾಲಿ ಮಾಡಿದೆ. ನಾನು ಒಂದು ಉಂಡಿ ಅವಳ ಕೈಗೆ ಇಟ್ಟೆ. ಲಾಮಾಗೂ ಕೊಟ್ಟೆ. ಅಂಥ ಸಂತೋಷ.

ಬಸ್ಸು ಹತ್ತಿ ಕೂತಾಗಲೂ ಸಂತೋಷವೇ ಇತ್ತು. ಬರೀ ಕಾಕು, ಬರೀ ಕಾಕು ಎಂದುಕೊಳ್ಳುತ್ತ ಹೊರಗಿನ ಜೋಳದ ಹೊಲ ನೋಡುತ್ತಿದ್ದೆ. ಕಲಘಟಗಿಯಲ್ಲಿ ಇಳಿದು ಹಳಿಯಾಳದ ಬಸ್ಸಿಗೆ ಕಾಯುವಾಗ ಆ ಮಾತು ನನಗೆ ಮತ್ತೊಂದು ಕಡೆಯಿಂದ ಚುಚ್ಚಿತು. ಬರೀ ಕಾಕು ಎಂದರೆ ಏನು? ಅದು ನಾನಲ್ಲವೇ?

ನೋಡು ಶೈಲಾ, ಸಿಟ್ಟಾಗಬೇಡ, ಬಿಡಿಸಿ ಹೇಳುತ್ತೇನೆ. ನೀನು ಆಕೆಯನ್ನು ತಾಯಿ ಎಂದಿದ್ದರೆ ಆಕೆ ಜ್ಯೋತಿ ಅಕ್ಕನ ಜಾಗ ತೆಗೆದುಕೊಂಡ ಹಾಗೆ. ಆ ಜಾಗ ನನ್ನದಲ್ಲ, ನನಗೆ ಯಾರೂ ಕೊಡಲಿಲ್ಲ, ನಾನು ಕೇಳಲೂ ಇಲ್ಲ. ನನಗೆ ಇದ್ದದ್ದು ಕಾಕುವಿನ ಜಾಗ ಒಂದೇ. ಅದನ್ನು ಯಾರೂ ಕಸಿದುಕೊಳ್ಳಲಾರರು ಎಂದು ನಿಶ್ಚಿಂತೆಯಿಂದ ಇದ್ದೆ. ನೀನು ಅದನ್ನೇ ಎತ್ತಿ ಆ ಲಿನ್‌ಬಾಯಿಗೆ ಕೊಟ್ಟಿದ್ದೀ. ಮಳೆಯಲ್ಲಿ ತೊಯ್ದು ಬಂದರೆ ಆಕೆಯನ್ನು ಕೂಗುತ್ತೀ. ತಲೆ ಒರೆಸುವವಳು ಆಕೆ, ಹಾಗಲಕಾಯಿ ತಿನ್ನಿಸಿದವಳೂ ಆಕೆ. ಮುಂಡಗೋಡಕ್ಕೆ ಹೋಗಿ ಅರ್ಥ ತಿಳಿದುಕೊಂಡು ಬಂದು ನನಗೆ ಹೊಟ್ಟೆಕಿಚ್ಚು ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ಬಸ್‌ಸ್ಟ್ಯಾಂಡಿನಲ್ಲಿ ಎಲ್ಲರ ಎದುರಿಗೇ ಕಣ್ಣಲ್ಲಿ ನೀರು ಬಂತು. ಪಕ್ಕದಲ್ಲಿದ್ದ ಮುದುಕಿ "ತವರ ಬಿಟ್ಟ ಹೊಂಟೀ ಏನವಾ" ಎಂದು ಕೇಳಿದಳು. ಹೌದು ಎಂದೆ.

ಮನೆಗೆ ಬಂದವಳೇ "ಬೇಡ, ಕೋರ್ಸು ಮುಗಿಸಿ ಸುಮ್ಮನೆ ಬಂದುಬಿಡು" ಎಂದು ಬರೆಯಲು ಕೂತೆ. ನಾನು ಒಂದು ಮಾತು ಅಂದರೆ ಸಾಕು, ನೀನು ಮರುಮಾತಾಡದೆ ಬರುತ್ತೀ. ಲಿನ್‌ಬಾಯಿಯ ಮೇಲಿನ ಕೋಣೆ ಖಾಲಿ, ಹೊಸ ಬಾಣಲೆ ಮೂಲೆಗೆ. ಅದನ್ನು ನೆನೆಸಿಕೊಂಡು ಬಹಳ ಹೊತ್ತು ಖುಷಿಪಟ್ಟೆ, ನಿನ್ನ ಮುಂದೆ ಸುಳ್ಳೇಕೆ. ಪೆನ್ನು ಹಿಡಿದವಳಿಗೆ ಕಾರಣ ಏನು ಬರೆಯಬೇಕೆಂದು ತೋಚಲಿಲ್ಲ. ಅಜ್ಜಿಗೆ ಹುಷಾರಿಲ್ಲ ಎನ್ನಲೇ? ಅತ್ತೆಯವರು ಹಿತ್ತಲಲ್ಲಿ ಮೆಣಸಿನಕಾಯಿ ತೊಟ್ಟು ಮುರಿಯುತ್ತ ಹಾಡು ಹೇಳುತ್ತಿದ್ದರು. ಭಾವನವರಿಗೆ ಅಂಗಡಿಯಲ್ಲಿ ಕಷ್ಟ ಎನ್ನಲೇ? ಬಿತ್ತನೆ ಚೆನ್ನಾಗಿದೆ, ಬೀಜ ಗೊಬ್ಬರಕ್ಕೆ ಮಂದಿ ಸಾಲು ಹಚ್ಚಿದ್ದಾರೆ. ಒಂದೇ ಒಂದು ಕಾರಣ ಇತ್ತು, ನನ್ನ ಹೊಟ್ಟೆಕಿಚ್ಚು. ಅದಕ್ಕಾಗಿ ನಿನ್ನನ್ನು ಕರೆಸಿಕೊಂಡರೆ ನೀನು ಬಂದು ನನ್ನ ಎದುರಿಗೆ ಕೂತು ಆ ಊರನ್ನು ನೆನೆಯುತ್ತ ಊಟ ಮಾಡುತ್ತೀ. ಅದನ್ನು ನೋಡುತ್ತ ನಾನು ಹೆಂಗೆ ಬಡಿಸಲಿ?

ಅದಕ್ಕೆ ಇರು. ನನ್ನ ಹೂಂ ಇದೆ. ಒಂದು ವರ್ಷ ಇದ್ದು ಮನಸ್ಸಿಟ್ಟು ಕಲಿ. ಅರ್ಧಂಬರ್ಧ ಕಲಿತು ಬಂದೀಯೆ ಮತ್ತೆ, ಇಷ್ಟೆಲ್ಲ ಹೊಟ್ಟೆ ಉರಿಸಿಕೊಂಡದ್ದು ದಂಡ. ಬಂದ ದಿನ ಹಾಗಲಕಾಯಿ ಎಣ್ಣೆಗಾಯಿ ಮಾಡುತ್ತೇನೆ, ನನ್ನ ಎದುರಿಗೆ ಕೂತು ಉಣ್ಣಬೇಕು, ಮುಖ ಕಿವಿಚಬಾರದು. ಚಳಿ ಶುರುವಾಗುವ ಮೊದಲು ತಲೆಗೆ ಎಣ್ಣೆ ಹಚ್ಚಿಕೋ, ನೀನೇ ಹಚ್ಚಿಕೋ, ಆಕೆಗೆ ಹೇಳಬೇಡ. ಆಕೆಗೆ ನನ್ನ ನಮಸ್ಕಾರ ಹೇಳು. ಬಹಳ ಹೊಗಳಿ ಹೇಳುವುದು ಬೇಡ, ನಮಸ್ಕಾರ ಅಂತ ಅಷ್ಟೇ ಹೇಳು. ಹುಡುಗಿಯನ್ನು ಚೆನ್ನಾಗಿ ನೋಡಿಕೊಂಡಿದ್ದಾಳೆ, ಅದು ನನಗೂ ಕಾಣುತ್ತದೆ.

ರೋಹಿತ ದಾಂಡೇಲಿಯ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದಾನೆ, ಓದುವುದು ಶಿವನಿಗೇ ಪ್ರೀತಿ. ಅಜ್ಜಿ ನಿನ್ನನ್ನು ಕೇಳುತ್ತಿರುತ್ತಾರೆ. ಪಂಚಮಿಗೆ ಹಿತ್ತಲಲ್ಲಿ ಜೋಕಾಲಿ ಕಟ್ಟುತ್ತೇವೆ, ಅದರಲ್ಲಿ ಕೂಡುವವರು ಯಾರೂ ಇಲ್ಲ, ಶಿವಗಂಗವ್ವನ ಮೊಮ್ಮಗಳನ್ನು ಕರೆದು ಕೂಡಿಸಬೇಕು. ಉಳವಿಯಪ್ಪ ನಿನ್ನನ್ನು ಕಾಯಲಿ, ನಿನ್ನ ವಿದ್ಯೆ ನಿನ್ನ ಕೈ ಹಿಡಿಯಲಿ, ಹೋದಲ್ಲೆಲ್ಲ ನಿನಗೆ ಉಣ್ಣಿಸುವ ಕೈಗಳು ಸಿಗಲಿ. ಇದನ್ನು ನಾನು ಮನಸ್ಸಿನಿಂದಲೇ ಬರೆಯುತ್ತಿದ್ದೇನೆ.

ಇಂತಿ ನಿನ್ನ ಕಾಕು,
ಸುನಂದಾ

ತಾ.ಕ.: ಲಕೋಟೆಗೆ ಅಂಟು ಹಚ್ಚಿ ಮತ್ತೆ ಬಿಚ್ಚಿದೆ. ನನ್ನನ್ನು ಆಯಿ ಎಂದು ಕರೆದವರು ಯಾರೂ ಇಲ್ಲ ಎಂದು ಮೇಲೆ ಬರೆದಿದ್ದೇನೆ. ಅದು ನಿಜವಲ್ಲ. ನೀನು ಕರೆದಿದ್ದೀ. ಆಗಷ್ಟೇ ನಿನಗೆ ಮಾತು ಬರುತ್ತಿತ್ತು. ನಾನು ಹಿತ್ತಲಲ್ಲಿ ಅರಿವೆ ಒಗೆಯುತ್ತಿದ್ದೆ, ನೀನು ಹಿಂದಿನಿಂದ ಬಂದು ನನ್ನ ಒದ್ದೆ ಸೀರೆ ಹಿಡಿದು "ಆಯೀ" ಎಂದೆ. ನಾನು ತಿರುಗಿ "ಓ" ಎಂದೆ. ಅತ್ತೆಯವರು ಅದನ್ನು ಕೇಳಿದರು. ಬೈಯಲಿಲ್ಲ, ಅತ್ತರು. ಜ್ಯೋತಿ ಅಕ್ಕ ಅವರ ಅಣ್ಣನ ಮಗಳು, ಅವರೇ ಎತ್ತಿ ಆಡಿಸಿದ ಹುಡುಗಿ. ನಿನ್ನನ್ನು ಒಳಗೆ ಎತ್ತಿಕೊಂಡು ಹೋಗಿ ಫೋಟೋದ ಮುಂದೆ ನಿಲ್ಲಿಸಿ "ಆಯಿ ಇಲ್ಲಿ ಅದಾಳ ನೋಡು. ಆಕಿ ಕಾಕು" ಎಂದರು. ಅವತ್ತಿನಿಂದ ನೀನು ಮರೆತು ಆಯಿ ಎಂದಾಗಲೆಲ್ಲ ನಾನು ಓ ಎನ್ನಲಿಲ್ಲ. ನೀನು ಕಾಕು ಎನ್ನುವವರೆಗೆ ತಿರುಗಿ ನೋಡದೆ ಅರಿವೆ ಒಗೆಯುತ್ತಲೇ ಇರುತ್ತಿದ್ದೆ. ಜಾಣೆ ನೀನು, ಬೇಗ ಕಲಿತೆ.

ಅವರ ಭಾಷೆಯಲ್ಲಿ ಕಾಕುವಿಗೆ ಆಯಿ ಎನ್ನುತ್ತಾರಲ್ಲ. ಫೋನ್ ಮಾಡು, ಎತ್ತುತ್ತೇನೆ. ನನ್ನನ್ನು ಚೀನಿಯಲ್ಲಿ ಕರಿ. ಅತ್ತೆಯವರು ಕೇಳಿದರೆ ಅದು ಚೀನಿ ಎಂದು ನಾನು ಹೇಳುತ್ತೇನೆ. ಈ ಸಲ ಓ ಎನ್ನುತ್ತೇನೆ.